ಬಾಯಿಯ ಆರೋಗ್ಯ ಸಾಕ್ಷರತೆಯ ಮಾಪನ

ಬಾಯಿಯ ಆರೋಗ್ಯ ಸಾಕ್ಷರತೆ ಎಂದರೆ ಹಲ್ಲು, ವಸಡುಗಳ ಆರೈಕೆಗೆ ಬೇಕಾದ ಮಾಹಿತಿಯನ್ನು ಪಡೆದು, ಅರ್ಥಮಾಡಿಕೊಂಡು, ಸರಿಯಾದ ತೀರ್ಮಾನ ಕೈಗೊಳ್ಳುವ ಸಾಮರ್ಥ್ಯ.

ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ರೀಲ್ಡ್-30 ಪರೀಕ್ಷೆಯಲ್ಲಿ ದಂತವೈದ್ಯಕೀಯದ 30 ಇಂಗ್ಲಿಷ್ ಪದಗಳನ್ನು ಗಟ್ಟಿಯಾಗಿ ಓದಿಸಿ, ಸರಿಯಾಗಿ ಉಚ್ಚರಿಸಿದ ಪ್ರತಿ ಪದಕ್ಕೆ ಒಂದು ಅಂಕ ನೀಡಲಾಗುತ್ತದೆ. ಬರೆದಂತೆಯೇ ಓದುವ ಕನ್ನಡಕ್ಕೆ ಈ ವಿಧಾನ ಅಷ್ಟಾಗಿ ಹೊಂದುವುದಿಲ್ಲ. ಅಕ್ಷರ ಬಲ್ಲವರು ‘ದಂತಕ್ಷಯ’ ಎಂಬ ಪದವನ್ನು ತಪ್ಪಿಲ್ಲದೆ ಓದಿಯೂ ಅದು ಹುಳುಕು ಹಲ್ಲೆಂದು ಅರಿಯದಿರಬಹುದು. ಇಲ್ಲಿ ಉಚ್ಚಾರಕ್ಕಿಂತ ಗ್ರಹಿಕೆಯನ್ನು ಅಳೆಯುವುದು ಮುಖ್ಯ.

ಪರ್ಷಿಯನ್ ಭಾಷಿಕರಿಗಾಗಿ ಇರಾನಿನಲ್ಲಿ ರೂಪಿಸಿ 2014ರಲ್ಲಿ ಪ್ರಕಟಿಸಲಾದ ಪ್ರಶ್ನಾವಳಿ ಗ್ರಹಿಕೆಯನ್ನೇ ಅಳೆಯುತ್ತದೆ. ಅದರ 17 ಪ್ರಶ್ನೆಗಳು ಓದಿ ಗ್ರಹಿಸುವುದು, ಲೆಕ್ಕ, ಆಲಿಸುವುದು ಮತ್ತು ತೀರ್ಮಾನ ಎಂಬ ನಾಲ್ಕು ಭಾಗಗಳಲ್ಲಿವೆ.

ಗ್ರಹಿಕೆಯ ಮಹತ್ವಕ್ಕೆ ದಂತ ಫ್ಲೋರೋಸಿಸ್ ಒಂದು ನಿದರ್ಶನ. ಮಂಡ್ಯ ಜಿಲ್ಲೆಯ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ, ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಮೀರಬಾರದು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಇಂತಹ ನೀರನ್ನು ಕುಡಿದ ಮಕ್ಕಳ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಕಲೆಗಳು ಮೂಡುತ್ತವೆ. ಕೊಳೆಯೆಂದು ಭಾವಿಸಿ ಉಜ್ಜಿದರೆ ಅವು ಹೋಗುವುದಿಲ್ಲ. ಎಳವೆಯಲ್ಲಿಯೇ ಸುರಕ್ಷಿತ ನೀರು ಒದಗಿಸುವುದೇ ತಡೆಯುವ ಮಾರ್ಗ.