ಸಂಖ್ಯಾತ್ಮಕ ದ್ಯುತಿರಂಧ್ರ: ಸೂಕ್ಷ್ಮದರ್ಶಕದಿಂದ ಚಿಪ್ ತಯಾರಿಕೆಯವರೆಗೆ

ಸೂಕ್ಷ್ಮದರ್ಶಕದ ವಸ್ತುಕ ಮಸೂರದ ಲೋಹದ ಕವಚದ ಮೇಲೆ ಎರಡು ಸಂಖ್ಯೆಗಳನ್ನು ಒಂದು ಓರೆಗೆರೆಯಿಂದ ಬೇರ್ಪಡಿಸಿ ಕೆತ್ತಿರುತ್ತಾರೆ: 40 ಮತ್ತು 0.65, ಅಥವಾ 100 ಮತ್ತು 1.25. ಮೊದಲನೆಯದು ವರ್ಧನೆ, ಎಂದರೆ ಮಸೂರ ವಸ್ತುವನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು. ಎರಡನೆಯದು ಸಂಖ್ಯಾತ್ಮಕ ದ್ಯುತಿರಂಧ್ರ. ವಸ್ತುವಿನ ಒಂದು ಬಿಂದುವಿನಿಂದ ಹೊರಟು ಮಸೂರದೊಳಗೆ ಪ್ರವೇಶಿಸಬಲ್ಲ ಬೆಳಕಿನ ಶಂಕುವಿನ ಅರ್ಧಕೋನವನ್ನು ತೆಗೆದುಕೊಂಡು, ಅದರ ಸೈನ್ ಬೆಲೆಯನ್ನು ವಸ್ತುವಿಗೂ ಮಸೂರಕ್ಕೂ ನಡುವಿನ ಮಾಧ್ಯಮದ ವಕ್ರೀಭವನ ಸೂಚ್ಯಂಕದಿಂದ ಗುಣಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಗಾಳಿಯ ಸೂಚ್ಯಂಕ ಹೆಚ್ಚುಕಡಿಮೆ 1 ಆಗಿರುವುದರಿಂದಲೂ ಯಾವ ಕೋನದ ಸೈನ್ ಬೆಲೆಯೂ 1ನ್ನು ಮೀರುವುದಿಲ್ಲವಾದ್ದರಿಂದಲೂ ಗಾಳಿಯಲ್ಲಿ ಬಳಸುವ ಮಸೂರಗಳಲ್ಲಿ ಇದು ಬಳಕೆಯ ಮಟ್ಟಿಗೆ 0.95ರ ಬಳಿ ನಿಂತುಬಿಡುತ್ತದೆ. ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ವರ್ಧನೆ ಹೇಳಿದರೆ, ಎಷ್ಟು ಸೂಕ್ಷ್ಮವಾದ ವಿವರ ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ಈ ಎರಡನೆಯ ಸಂಖ್ಯೆಯೇ.

ಈ ಸಂಗತಿ ಸ್ಪಷ್ಟವಾಗಲು ಹತ್ತೊಂಬತ್ತನೆಯ ಶತಮಾನದ ಬಹುಭಾಗವೇ ಬೇಕಾಯಿತು. 1830ರಲ್ಲಿ ಇಂಗ್ಲೆಂಡಿನ ಜೋಸೆಫ್ ಜಾಕ್ಸನ್ ಲಿಸ್ಟರ್ ಗೋಳೀಯ ವಿಪಥನವನ್ನು, ಎಂದರೆ ಮಸೂರದ ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಒಂದೇ ಬಿಂದುವಿನಲ್ಲಿ ಕೂಡದಿರುವ ದೋಷವನ್ನು, ತಗ್ಗಿಸುವ ಬಗೆಯನ್ನು ಪ್ರಕಟಿಸಿದ ಮೇಲೆ ಮಸೂರ ತಯಾರಕರು ಹೆಚ್ಚು ಹೆಚ್ಚು ಅಗಲವಾದ ಶಂಕುವನ್ನು ಹಿಡಿಯುವ ಮಸೂರಗಳಿಗಾಗಿ ಪೈಪೋಟಿಗೆ ಇಳಿದರು. ಇಟಲಿಯ ಜಿಯೊವಾನಿ ಬಟಿಸ್ಟಾ ಅಮಿಚಿ ಮಸೂರಕ್ಕೂ ವಸ್ತುವಿಗೂ ನಡುವೆ ನೀರಿನ ಹನಿಯನ್ನಿಟ್ಟು ನೋಡುವ ಕ್ರಮವನ್ನು ಬೆಳೆಸಿದರು. ಆದರೆ ಶಂಕುವಿನ ಕೋನವನ್ನು ಬರಿಯ ಡಿಗ್ರಿಗಳಲ್ಲಿ ಹೇಳುತ್ತಿದ್ದುದರಿಂದ ಗಾಳಿಯ ಮಸೂರವನ್ನೂ ನೀರಿನ ಮಸೂರವನ್ನೂ ಹೋಲಿಸುವುದು ಸಾಧ್ಯವಿರಲಿಲ್ಲ. ಗಾಳಿಯಲ್ಲಿ 180 ಡಿಗ್ರಿ ಎಂಬ ಪರಮಾವಧಿಗಿಂತ ಹೆಚ್ಚು ಬೆಳಕನ್ನು ದ್ರವದಲ್ಲಿ ಅದ್ದಿದ ಮಸೂರ ಹಿಡಿಯಬಲ್ಲದೇ ಎಂಬ ಪ್ರಶ್ನೆಯ ಮೇಲೆ ಅಮೆರಿಕದ ರಾಬರ್ಟ್ ಟೋಲ್ಸ್ ಮತ್ತು ಇಂಗ್ಲೆಂಡಿನ ಫ್ರಾನ್ಸಿಸ್ ವೆನ್‌ಹ್ಯಾಮ್ ನಡುವೆ ನಡೆದ ದೀರ್ಘ ವಾಗ್ವಾದಕ್ಕೆ ಅಳತೆಗೋಲಿನ ಈ ಕೊರತೆಯೇ ಮೂಲವಾಗಿತ್ತು.

ಅಳತೆಗೋಲನ್ನು ಒದಗಿಸಿದವರು ಜರ್ಮನಿಯ ಯೇನಾ ನಗರದ ಎರ್ನ್ಸ್ಟ್ ಅಬ್ಬೆ. 1866ರಿಂದ ಕಾರ್ಲ್ ಜೈಸ್ ಅವರ ಕಾರ್ಯಾಗಾರದೊಂದಿಗೆ ಸೇರಿ ದುಡಿಯುತ್ತಿದ್ದ ಅಬ್ಬೆ, ವಿಪಥನವನ್ನು ಕಡಿಮೆ ಮಾಡಲೆಂದು ಮೊದಮೊದಲು ಶಂಕುವನ್ನು ಕಿರಿದುಗೊಳಿಸಿ ಲೆಕ್ಕಾಚಾರದಿಂದ ಮಸೂರಗಳನ್ನು ವಿನ್ಯಾಸಗೊಳಿಸಿದರು. ಬಿಂಬದ ದೋಷಗಳು ತಗ್ಗಿದವಾದರೂ, ಅಂದಾಜಿನಿಂದ ತಯಾರಾದ ಹಳೆಯ ಅಗಲ ಕೋನದ ಮಸೂರಗಳು ತೋರಿಸುತ್ತಿದ್ದ ನವುರಾದ ವಿವರಗಳನ್ನು ಈ ಹೊಸ ಮಸೂರಗಳು ತೋರಿಸಲಿಲ್ಲ. ಈ ಸೋಲಿನ ಕಾರಣವನ್ನು ಬೆನ್ನಟ್ಟಿದ್ದೇ ಅವರ ದೊಡ್ಡತನ. 1873ರಲ್ಲಿ ಪ್ರಕಟವಾದ ಅವರ ಸಿದ್ಧಾಂತದ ಪ್ರಕಾರ, ಒತ್ತಾದ ಗೆರೆಗಳುಳ್ಳ ವಸ್ತುವಿನ ಮೂಲಕ ಹಾಯ್ದ ಬೆಳಕು ವಿವರ್ತನೆಗೊಂಡು, ನೇರ ಕಿರಣಪುಂಜದ ಎರಡೂ ಬದಿಗೆ ಹಲವು ಪುಂಜಗಳಾಗಿ ಚೆದರುತ್ತದೆ. ಗೆರೆಗಳು ಒತ್ತಾದಷ್ಟೂ ಪುಂಜಗಳು ದೂರ ಸರಿಯುತ್ತವೆ, ಮತ್ತು ನೇರ ಪುಂಜದೊಂದಿಗೆ ಪಕ್ಕದ ಒಂದಾದರೂ ಮಸೂರದೊಳಗೆ ಬರದಿದ್ದರೆ ಗೆರೆಗಳು ಬಿಂಬದಲ್ಲಿ ಮೂಡುವುದೇ ಇಲ್ಲ. ಇದನ್ನು ಅಬ್ಬೆ ಪ್ರಯೋಗದಿಂದಲೇ ತೋರಿಸಿದರು. ವಸ್ತುಕದ ಹಿಂಭಾಗದಲ್ಲಿ ಪುಟ್ಟ ತಡೆಯಿಟ್ಟು, ನೇರ ಪುಂಜದ ಅಕ್ಕಪಕ್ಕದ ಮೊದಲ ಜೋಡಿಯನ್ನು ಮರೆಮಾಡಿ ಎರಡನೆಯ ಜೋಡಿಯನ್ನು ಮಾತ್ರ ಬಿಟ್ಟಾಗ, ವಸ್ತುವಿನಲ್ಲಿ ಇರುವುದಕ್ಕಿಂತ ಎರಡರಷ್ಟು ಒತ್ತಾದ ಗೆರೆಗಳು ಬಿಂಬದಲ್ಲಿ ಕಾಣಿಸಿಕೊಂಡವು. ಬಿಂಬವೆಂಬುದು ಮಸೂರ ಹಿಡಿದುಕೊಂಡ ಪುಂಜಗಳಿಂದ ಕಟ್ಟಿಕೊಂಡ ರಚನೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷ್ಯ ಬೇಕಿಲ್ಲ.

ಇದರಿಂದ ಹೊಮ್ಮಿದ ನಿಯಮ ಸರಳವಾದುದು: ಬೇರೆಬೇರೆಯಾಗಿ ಕಾಣಬಲ್ಲ ಎರಡು ವಿವರಗಳ ನಡುವಿನ ಕನಿಷ್ಠ ಅಂತರ, ಬೆಳಕಿನ ತರಂಗಾಂತರವನ್ನು ಸಂಖ್ಯಾತ್ಮಕ ದ್ಯುತಿರಂಧ್ರದ ಎರಡರಷ್ಟರಿಂದ ಭಾಗಿಸಿದಷ್ಟು. 550 ನ್ಯಾನೊಮೀಟರಿನ ಹಸಿರು ಬೆಳಕಿನಲ್ಲಿ 0.25 ದ್ಯುತಿರಂಧ್ರದ ಮಸೂರಕ್ಕೆ ಈ ಅಂತರ 1,100 ನ್ಯಾನೊಮೀಟರ್ ಆದರೆ, 1.4ರ ಮಸೂರಕ್ಕೆ ಸುಮಾರು 200 ಆಗುತ್ತದೆ. 1.4ರಂಥ ಬೆಲೆಯನ್ನು ಮುಟ್ಟಲು ನೆರವಾದದ್ದು ಎಣ್ಣೆ. ಗಾಜಿನ ಸೂಚ್ಯಂಕಕ್ಕೆ ಸಮೀಪವಾದ, 1.515ರಷ್ಟು ಸೂಚ್ಯಂಕವುಳ್ಳ ಎಣ್ಣೆಯನ್ನು ಸ್ಲೈಡಿಗೂ ಮಸೂರಕ್ಕೂ ನಡುವೆ ತುಂಬುವ ಪದ್ಧತಿ, ಜೆ. ಡಬ್ಲ್ಯು. ಸ್ಟೀಫನ್ಸನ್ ಅವರ ಸೂಚನೆಯನ್ನು ಅನುಸರಿಸಿ 1878ರಲ್ಲಿ ಜೈಸ್ ಕಾರ್ಯಾಗಾರದಿಂದ ಹೊರಬಂತು. ಅಬ್ಬೆಯ ಎಣ್ಣೆ ಮಸೂರವನ್ನೂ, ಬೆಳಕನ್ನು ವಸ್ತುವಿನ ಮೇಲೆ ಕೂಡಿಸುವ ಕಂಡೆನ್ಸರನ್ನೂ ಬಳಸಿ ದುಡಿದ ರಾಬರ್ಟ್ ಕಾಕ್ 1882ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯವನ್ನು ಜಗತ್ತಿಗೆ ತೋರಿಸಿದರು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳ ಆಧಾರದ ಮೇಲೆ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮವೂ, ರೋಗಿಯ ಕಫವನ್ನು ಇದೇ ಬಗೆಯ ಎಣ್ಣೆ ಮಸೂರದ ಕೆಳಗೆ ಪರೀಕ್ಷಿಸುವ ವಿಧಾನವನ್ನೇ ದಶಕಗಳ ಕಾಲ ನೆಚ್ಚಿಕೊಂಡಿತ್ತು.

ದ್ಯುತಿರಂಧ್ರ ಹಿಗ್ಗಿದಂತೆ ತೆರಬೇಕಾದ ಬೆಲೆಯೂ ಹೆಚ್ಚುತ್ತದೆ. ಬಿಂಬ ಸ್ಪಷ್ಟವಾಗಿ ಉಳಿಯುವ ಆಳ ದ್ಯುತಿರಂಧ್ರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಮಸೂರವು ಸ್ಲೈಡಿಗೆ ತೀರ ಹತ್ತಿರ ಬರಬೇಕಾಗುತ್ತದೆ, ಮೇಲೆ ಮುಚ್ಚುವ ಗಾಜಿನ ದಪ್ಪ 0.17 ಮಿಲಿಮೀಟರಿನಿಂದ ತುಸು ಬದಲಾದರೂ ಎಣ್ಣೆಯಿಲ್ಲದ ಪ್ರಬಲ ಮಸೂರದಲ್ಲಿ ಬಿಂಬ ಕೆಡುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪರಿಕಲ್ಪನೆ ಸೂಕ್ಷ್ಮದರ್ಶಕದಾಚೆಗೂ ಹಬ್ಬಿತು. ಆಪ್ಟಿಕಲ್ ಫೈಬರಿನಲ್ಲಿ ಅದು ತಿರುಳು ಮತ್ತು ಹೊದಿಕೆಗಳ ಸೂಚ್ಯಂಕಗಳ ವರ್ಗಗಳ ವ್ಯತ್ಯಾಸದ ವರ್ಗಮೂಲವಾಗಿ, ಎಷ್ಟು ಕೋನದೊಳಗೆ ಬಂದ ಬೆಳಕು ಪೂರ್ಣಾಂತರಿಕ ಪ್ರತಿಫಲನದಿಂದ ಒಳಗೇ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ಇಲ್ಲಿ ಮಾತ್ರ ದೊಡ್ಡ ಬೆಲೆಯೇ ಮೇಲೆಂಬ ಎಣಿಕೆ ತಲೆಕೆಳಗಾಗುತ್ತದೆ. ಹಲವು ಪಥಗಳಿಗೆ ಎಡೆಕೊಡುವ ದಪ್ಪ ತಿರುಳಿನ ಫೈಬರಿನಲ್ಲಿ ದ್ಯುತಿರಂಧ್ರ ಹೆಚ್ಚಿದ್ದರೆ ಬೆಳಕನ್ನು ತುಂಬುವುದು ಸುಲಭವಾದರೂ ಬೇರೆಬೇರೆ ಪಥ ಹಿಡಿದ ಕಿರಣಗಳು ಬೇರೆಬೇರೆ ಹೊತ್ತಿಗೆ ತಲುಪಿ ಸಂಕೇತ ಕಲಸಿಹೋಗುವುದರಿಂದ, ದೂರಸಂಪರ್ಕಕ್ಕೆ 0.14ರ ಆಸುಪಾಸಿನ, ಒಂದೇ ಪಥದ ಫೈಬರುಗಳನ್ನು ಬಳಸುತ್ತಾರೆ.

ಬೆಳಕನ್ನು ಒಂದು ಚುಕ್ಕೆಗೆ ಕೂಡಿಸುವ ಸಾಧನಗಳಲ್ಲಿ ಅಬ್ಬೆಯ ಲೆಕ್ಕ ಮತ್ತೆ ನೇರವಾಗಿ ಅನ್ವಯಿಸುತ್ತದೆ. ಸಿ.ಡಿ.ಯಲ್ಲಿ 780 ನ್ಯಾನೊಮೀಟರಿನ ಲೇಸರಿಗೆ 0.45, ಡಿ.ವಿ.ಡಿ.ಯಲ್ಲಿ 650ಕ್ಕೆ 0.60, ಬ್ಲೂ-ರೇಯಲ್ಲಿ 405ಕ್ಕೆ 0.85 ದ್ಯುತಿರಂಧ್ರದ ಮಸೂರ ಜೊತೆಯಾಯಿತು. ಚಿಪ್ ತಯಾರಿಕೆಯಲ್ಲಿ 193 ನ್ಯಾನೊಮೀಟರಿನ ಬೆಳಕಿಗೆ ಅಮಿಚಿಯ ನೀರಿನ ಉಪಾಯವೇ ಮರಳಿ ಬಂದು, ದ್ಯುತಿರಂಧ್ರ 1.35ಕ್ಕೆ ಏರಿತು. ಮುಂದೆ 13.5 ನ್ಯಾನೊಮೀಟರಿನ ತೀವ್ರ ಅತಿನೇರಳೆ ಕಿರಣಗಳನ್ನು ಗಾಜೂ ಗಾಳಿಯೂ ಹೀರಿಕೊಳ್ಳುವುದರಿಂದ ನಿರ್ವಾತದಲ್ಲಿ ಕನ್ನಡಿಗಳನ್ನೇ ನೆಚ್ಚಬೇಕಾಗಿ ಬಂದಾಗ ಅದು 0.33ಕ್ಕೆ ಇಳಿದು, ಈಗ ನೆದರ್ಲೆಂಡ್ಸಿನ ಎ.ಎಸ್.ಎಂ.ಎಲ್. ಕಂಪನಿಯ ಹೊಸ ಯಂತ್ರಗಳಲ್ಲಿ 0.55ಕ್ಕೆ ಏರಿದೆ. ಆ ಕನ್ನಡಿಗಳನ್ನು ತಯಾರಿಸುವುದು ಅಬ್ಬೆ ದುಡಿದ ಜೈಸ್ ಸಂಸ್ಥೆಯೇ.

ಸ್ಟೆಫಾನ್ ಹೆಲ್, ಎರಿಕ್ ಬೆಟ್ಜಿಗ್ ಮತ್ತು ವಿಲಿಯಂ ಮೋರ್ನರ್ ಅವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ತಂದ ವಿಧಾನಗಳು, ಹೊಳೆಯುವ ಅಣುಗಳನ್ನು ಸರದಿಯಂತೆ ಬೆಳಗಿಸಿ ಆರಿಸುವ ಮೂಲಕ ಅಬ್ಬೆಯ ಮಿತಿಯನ್ನು ದಾಟಿದವು. ಆದರೆ ಒಂದೊಂದು ಅಣು ಸೂಸುವ ಅಲ್ಪ ಬೆಳಕನ್ನು ಆದಷ್ಟು ಹಿಡಿಯಲೇಬೇಕಾದ್ದರಿಂದ ಅಲ್ಲಿಯೂ 1.4 ಅಥವಾ ಅದಕ್ಕೂ ಮಿಗಿಲಾದ ಎಣ್ಣೆ ಮಸೂರಗಳೇ ಬೇಕು.

ಇಷ್ಟೆಲ್ಲ ತಿಳಿದ ಮೇಲೂ ಶಾಲಾ ಕಾಲೇಜುಗಳಿಗೆ ಸೂಕ್ಷ್ಮದರ್ಶಕ ಕೊಳ್ಳುವಾಗ ವರ್ಧನೆಯನ್ನಷ್ಟೇ ವಿಚಾರಿಸುವ ರೂಢಿ ಮುಂದುವರಿಯುವುದು ಸರಿಯಲ್ಲ. ಒಟ್ಟು ವರ್ಧನೆ ದ್ಯುತಿರಂಧ್ರದ ಸುಮಾರು 1,000 ಪಟ್ಟನ್ನು ಮೀರಿದರೆ ಬಿಂಬ ಹಿಗ್ಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣುವುದಿಲ್ಲ. 0.65ರ ಮಸೂರಕ್ಕೆ 1,500 ಪಟ್ಟು ವರ್ಧನೆಯ ಭರವಸೆ ಕೊಡುವ ಉಪಕರಣವನ್ನು ಕೊಳ್ಳದಿರುವುದೇ ಲೇಸು. ಕವಚದ ಮೇಲೆ ಓರೆಗೆರೆಯ ನಂತರ ಕೆತ್ತಿರುವ ಸಂಖ್ಯೆಯನ್ನು ಓದಿ, ಅದಕ್ಕೆ ಹೊಂದುವ ಕಂಡೆನ್ಸರ್ ಇದೆಯೇ ಎಂದು ನೋಡಿದ ಮೇಲೆಯೇ ಖರೀದಿಯ ತೀರ್ಮಾನ ಮಾಡಬೇಕು.