ಚಕ್ಕುಬಂದಿ ಇಲ್ಲದ ಬರಹಗಳು

ಉತ್ತರಹಳ್ಳಿಯ ಸುತ್ತಮುತ್ತ ನಿವೇಶನ ಕೊಂಡವರ ಕ್ರಯಪತ್ರವನ್ನು ಒಮ್ಮೆ ತೆರೆದು ನೋಡಿ. ಮೊದಲು ಕೊಟ್ಟವರು ಯಾರು, ಕೊಂಡವರು ಯಾರು, ಹಣ ಎಷ್ಟು ಎಂಬ ವಿವರ. ಕೊನೆಯಲ್ಲಿ ಷೆಡ್ಯೂಲು. ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ಇಂಥ ಗ್ರಾಮದ ಇಂಥ ಸರ್ವೆ ನಂಬರು. ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ, ದಕ್ಷಿಣಕ್ಕೆ ಹೀಗೆ. ಇದೇ ಚಕ್ಕುಬಂದಿ. ಹೊಲ ಹೋಗಿ ಬಡಾವಣೆ ಬಂತು. 2008ರ ಪುನರ್ವಿಂಗಡಣೆಯಲ್ಲಿ ಉತ್ತರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಕ್ರಯಪತ್ರದೊಳಗಿನ ಉತ್ತರಹಳ್ಳಿ ಮಾತ್ರ ಅಲುಗಾಡಲಿಲ್ಲ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್‌ಗಳ ಕೈಪಿಡಿ ಬರೆಯುತ್ತೇನೆ. ನಮ್ಮ ಕಸುಬಿನಲ್ಲಿ ‘ಕಂಟೆಂಟ್ ಸ್ಟ್ರಾಟಜಿ’ ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. 2009ರಲ್ಲಿ ಕ್ರಿಸ್ಟಿನಾ ಹ್ಯಾಲ್ವರ್ಸನ್ ಈ ಹೆಸರಿನ ಪುಸ್ತಕ ಬರೆದ ಮೇಲೆ ಅದು ಎಲ್ಲರ ಬಾಯಿಗೆ ಬಂತು. ಅದರ ತಿರುಳು ಇಷ್ಟೇ: ಏನನ್ನು ಬರೆಯಬೇಕು, ಯಾರಿಗಾಗಿ, ಎಲ್ಲಿಡಬೇಕು, ಯಾವ ಹೆಸರಿನಲ್ಲಿ ಹುಡುಕಿದರೆ ಸಿಗಬೇಕು, ಹಳತಾದಾಗ ಯಾರು ತಿದ್ದಬೇಕು. ಬರೆಯುವುದಕ್ಕಿಂತ ಮೊದಲಿನ ಮತ್ತು ಬರೆದಾದ ಮೇಲಿನ ಕೆಲಸ ಅದು.

ಹೆಸರು ಹೊಸದು, ಕೆಲಸ ಹಳೆಯದು. ನಮ್ಮ ದಾನಶಾಸನಗಳಿಗೆ ಒಂದು ಅಚ್ಚು ಇದೆ. ಆಳುವ ದೊರೆ, ಕಾಲ, ಕೊಟ್ಟವರು, ಪಡೆದವರು, ಭೂಮಿ, ಅದರ ಎಲ್ಲೆ, ಕೊನೆಗೆ ಅಳುಪಿದವರಿಗೆ ಶಾಪ. ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕಿನ ಪ್ರಕಾರವೇ ಹೇಳುತ್ತಾರೆ. ಇಂದಿನ ಚಕ್ಕುಬಂದಿ ಅದರ ಮೊಮ್ಮಗು. ಬರೆಯುವ ಜಾಗವನ್ನೂ ಯೋಚಿಸಿ ಆರಿಸುತ್ತಿದ್ದರು. ಊರಿಗೆಲ್ಲ ತಿಳಿಯಬೇಕಾದದ್ದು ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಕಲ್ಲಿನಲ್ಲಿ. ಪಡೆದವರ ಬಳಿ ಇರಬೇಕಾದದ್ದು ತಾಮ್ರಪಟದಲ್ಲಿ. ದಿನದಿನದ ಲೆಕ್ಕ ಕಡತದಲ್ಲಿ. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಮಡಿಕೆ ಅದು. ಬಳಪದಲ್ಲಿ ಬರೆಯಬಹುದು, ಅಳಿಸಿ ಮತ್ತೆ ಬರೆಯಬಹುದು. ಬದಲಾಗಬಾರದ್ದಕ್ಕೆ ಕಲ್ಲು, ಬದಲಾಗುವುದಕ್ಕೆ ಬಟ್ಟೆ. ಈ ವಿವೇಕ ಇಂದಿನ ಎಷ್ಟೋ ಜಾಲತಾಣಗಳಿಗೆ ಇಲ್ಲ.

ಈ ಕಲ್ಲುಗಳಿಗೆ ಒಂದು ವಿಳಾಸ ಕೊಟ್ಟವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. 1886ರಿಂದ 1905ರ ನಡುವೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. ಬೆಂಗಳೂರು ಜಿಲ್ಲೆಯದು 9ನೆಯ ಸಂಪುಟ. ಶಾಸನಗಳನ್ನು ಅವರು ರಾಜವಂಶದ ಪ್ರಕಾರ ಜೋಡಿಸಲಿಲ್ಲ. ತಾಲ್ಲೂಕಿನ ಪ್ರಕಾರ ಜೋಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟರು. ಮೂಲ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಮೂರೂ ಒಂದೇ ಸಂಖ್ಯೆಯಡಿ. ರಾಜರ ಕಾಲದ ಬಗ್ಗೆ ವಿದ್ವಾಂಸರು ಜಗಳವಾಡಬಹುದು, ಕಲ್ಲು ಯಾವ ಊರಿನಲ್ಲಿದೆ ಎಂಬುದರ ಬಗ್ಗೆ ಜಗಳವಿಲ್ಲ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು. ಹೊಸದರ ಜೊತೆಗೆ ಹಳೆಯದನ್ನೂ ಸೂಚಿಸಿದರು. ಹಳೆಯ ಪುಸ್ತಕ ಹಿಡಿದು ಬಂದವರೂ ದಾರಿ ತಪ್ಪಲಿಲ್ಲ. ಜಾಲತಾಣದವರು ಇದನ್ನೇ ರಿಡೈರೆಕ್ಟ್ ಅನ್ನುತ್ತಾರೆ. ನಗರ ಬೆಳೆದು ಎಷ್ಟೋ ಕಲ್ಲುಗಳು ಪಾಯದೊಳಗೆ ಸೇರಿಹೋದವು. ಅವುಗಳ ಮಾತು ಮಾತ್ರ ಸಂಖ್ಯೆಯ ಕೆಳಗೆ ಉಳಿದಿದೆ.

ಕನ್ನಡ ಅಂತರಜಾಲಕ್ಕೆ ಬಂದಾಗ ಈ ಪಾಠ ನೆನಪಿಗೆ ಬರಲು ತಡವಾಯಿತು. 1996ರಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಮೊದಲ ಕನ್ನಡ ಅಂತರಜಾಲ ಪತ್ರಿಕೆ ಶುರುಮಾಡಿದರು. 1998ರಲ್ಲಿ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವು ಇಲ್ಲದಿದ್ದರೆ ಕನ್ನಡಿಗರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಇನ್ನೂ ತಡವಾಗುತ್ತಿತ್ತು. ಆದರೆ ಆ ಕಾಲದ ಬರಹದೊಳಗೆ ಇದ್ದದ್ದು ಅಕ್ಷರವಲ್ಲ, ಅಕ್ಷರದ ಆಕಾರ. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂದರೆ ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ‘ಎ’. ಆ ‘ಎ’ ನಮ್ಮ ತಲೆಕಟ್ಟು. ‘ಕಿ’ ಎಂದರೆ ‘ಕ್ಯೂ’. ‘ಕ’ಗೂ ‘ಕಿ’ಗೂ ನಂಟಿದೆ ಎಂಬುದು ಯಂತ್ರಕ್ಕೆ ಗೊತ್ತೇ ಇಲ್ಲ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಹುಡುಕುಯಂತ್ರಕ್ಕೆ ಅಂಥ ಪುಟ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ.

ಪರಿಹಾರ ಇರಲಿಲ್ಲವೆಂದಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಮೀಸಲಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗ’ ಫಾಂಟು ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅಲ್ಲಿ ಪ್ರತಿ ಪುಟಕ್ಕೂ ವಿಳಾಸವಿದೆ, ಯಾವಾಗ ಏನು ತಿದ್ದಲಾಯಿತು ಎಂಬುದರ ಇತಿಹಾಸವಿದೆ. ಆದರೂ ಕಚೇರಿಗಳಲ್ಲಿ, ಅಚ್ಚುಮನೆಗಳಲ್ಲಿ ಹಳೆಯ ಫಾಂಟೇ ಬಹುಕಾಲ ನಡೆಯಿತು. ಆ ವರ್ಷಗಳ ಕತೆ, ಲೇಖನ, ಸುತ್ತೋಲೆಗಳಲ್ಲಿ ಪರಿವರ್ತಿಸದೆ ಉಳಿದವು ಓದುವವರಿಲ್ಲದೆ ಬಿದ್ದಿವೆ. ನೂರು ವರ್ಷದ ಹಿಂದಿನ ರೈಸ್ ಅವರ ಸಂಪುಟವನ್ನು ಇಂದು ಓದಬಹುದು, 20 ವರ್ಷದ ಹಿಂದಿನ ಕಡತ ಓದಲಾಗದು. ಇದು ಸಣ್ಣ ನಷ್ಟವಲ್ಲ.

ಅದೇ ಕಾಲದಲ್ಲಿ ಕರ್ನಾಟಕದಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುತ್ತಿತ್ತು. ಅದು ನಿಂತದ್ದು ಬರೀ ಯಂತ್ರದಿಂದಲ್ಲ. ಪ್ರತಿ ಪಹಣಿಗೂ ಸರ್ವೆ ನಂಬರಿನ ವಿಳಾಸವಿತ್ತು, ಏನನ್ನು ಎಲ್ಲಿ ತುಂಬಬೇಕೆಂಬ ಕಾಲಂಗಳಿದ್ದವು, ತಿದ್ದಿದವರು ಯಾರೆಂಬ ಗುರುತಿತ್ತು, ಕೈಬರಹದ ಪಹಣಿಯ ಮಾನ್ಯತೆ ತೆಗೆದುಹಾಕಿದ್ದರು. ಎರಡು ಪ್ರತಿಗಳ ಜಗಳಕ್ಕೆ ಎಡೆಯಿರಲಿಲ್ಲ.

ಅದಕ್ಕೂ ಇನ್ನೊಂದು ಮುಖವಿದೆ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಅಂಚಿನ ಊರುಗಳನ್ನು ಅಧ್ಯಯನ ಮಾಡಿ, ದಾಖಲೆ ಒಂದೆಡೆ ಸೇರಿದ್ದರಿಂದ ಹೆಚ್ಚು ಅನುಕೂಲವಾದದ್ದು ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಎಂದು ವಾದಿಸಿದರು. ಊರಿನವರಿಗೆ ಬಾಯಲ್ಲಿ ಗೊತ್ತಿದ್ದ ಹಕ್ಕುಗಳಿಗೆ ಕಾಲಂ ಇರುವುದಿಲ್ಲ. ಕಾಲಂ ಇಲ್ಲದ್ದು ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಯಾವುದನ್ನು ಬರೆದಿಡಬೇಕು, ಯಾವುದನ್ನು ಬಿಡಬೇಕು ಎಂಬುದು ಗುಮಾಸ್ತರ ಪ್ರಶ್ನೆಯಂತೆ ಕಂಡರೂ ನ್ಯಾಯದ ಪ್ರಶ್ನೆ.

ಈಗ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ, ಫೋನಿನಲ್ಲೇ ಬರೆಯುತ್ತೇವೆ. ಕೊರತೆ ಇರುವುದು ಬೇರೆ ಕಡೆ. ಪಿಂಚಣಿಗೋ ಪಡಿತರ ಚೀಟಿಗೋ ಏನೇನು ಕಾಗದ ಬೇಕೆಂದು ಹುಡುಕುವ ಅಜ್ಜಿಯ ಮೊಮ್ಮಗನಿಗೆ ಸಿಗುವುದು ಓರೆಯಾಗಿ ಸ್ಕ್ಯಾನ್ ಮಾಡಿದ ಚಿತ್ರ. ಅದರಲ್ಲಿ ಹುಡುಕಲು ಬರುವುದಿಲ್ಲ. ಈ ನಿಯಮ ಇನ್ನೂ ಜಾರಿಯಲ್ಲಿದೆಯೋ ಇಲ್ಲವೋ ಹೇಳುವವರಿಲ್ಲ. ಜಾಲತಾಣಕ್ಕೆ ಹೊಸ ಬಣ್ಣ ಹೊಡೆದ ದಿನ ಹಳೆಯ ಕೊಂಡಿಗಳೆಲ್ಲ ಸತ್ತುಹೋಗುತ್ತವೆ. ಅವನು ರಜೆ ಹಾಕಿ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾನೆ.

ಕನ್ನಡದ ಪ್ರತಿ ಪುಟದ ಅಡಿಯಲ್ಲೂ ನಾಲ್ಕು ಮಾತಿರಬೇಕು ಎಂದು ನನಗನ್ನಿಸುತ್ತದೆ: ಇದು ಯಾರಿಗಾಗಿ, ಬರೆದವರು ಯಾರು, ಕೊನೆಯ ಸಲ ಯಾವಾಗ ತಿದ್ದಿದ್ದು, ಇದರ ಹಿಂದಿನದು ಎಲ್ಲಿದೆ. ಇಷ್ಟಕ್ಕೆ ದೊಡ್ಡ ಯೋಜನೆ ಬೇಡ, ದುಡ್ಡೂ ಬೇಡ. ನಾವು ಹೋದ ಮೇಲೂ ಯಾರೋ ಒಬ್ಬರು ಇದನ್ನು ಹುಡುಕಿಕೊಂಡು ಬರುತ್ತಾರೆ ಎಂಬ ನಂಬಿಕೆ ಸಾಕು. ಕಲ್ಲು ಕೊರೆದವರಲ್ಲಿ ಆ ನಂಬಿಕೆ ಇತ್ತು.