ಹಳ್ಳದ ನೀರಿನ ಜಗಳಕ್ಕೆ ಬಂದ ರಕ್ತಪಿಶಾಚಿ

ಕೌಬಾಯ್ ಸಿನಿಮಾ ಅಂದರೆ ಕುದುರೆ, ಟೋಪಿ, ಪಿಸ್ತೂಲು. ರಕ್ತಪಿಶಾಚಿ ಅಂದರೆ ಡ್ರಾಕುಲಾ, ಹಳೇ ಕೋಟೆ. ಇವೆರಡನ್ನೂ ಒಂದೇ ಕಥೆಗೆ ತಂದ ಅಮೆರಿಕದ ಚಿತ್ರ ‘ಕರ್ಸ್ ಆಫ್ ದಿ ಅನ್‌ಡೆಡ್’.

1931ರಲ್ಲಿ ‘ಡ್ರಾಕುಲಾ’ ತೆಗೆದಿದ್ದ ಯೂನಿವರ್ಸಲ್ ಕಂಪನಿಯೇ 1959ರಲ್ಲಿ ಇದನ್ನೂ ತೆಗೆಯಿತು. ಆಗ ಅಮೆರಿಕದ ಟಿವಿ ತುಂಬಾ ಕೌಬಾಯ್ ಧಾರಾವಾಹಿಗಳು. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಹೊಸ ‘ಡ್ರಾಕುಲಾ’ ಗೆದ್ದಿತ್ತು. ನಿರ್ದೇಶಕ ಎಡ್ವರ್ಡ್ ಡೀನ್, ಹೆಂಡತಿ ಮಿಲ್ಡ್ರೆಡ್ ಜೊತೆ ಕೂತು ಕಥೆ ಬರೆದರು.

ಕಥೆಯ ಬೇರು ಇರುವುದು ನೀರಿನಲ್ಲಿ. ಬಫರ್ ಎಂಬ ಬಲಾಢ್ಯ ಹಳ್ಳಕ್ಕೆ ಒಡ್ಡು ಹಾಕಿ, ಪಕ್ಕದ ಕಾರ್ಟರ್ ಮನೆಯವರ ನೀರು ತಡೆಯುತ್ತಾನೆ. ಆ ಮನೆಯ ಅಪ್ಪ ಸಾಯುತ್ತಾನೆ. ಸಿಟ್ಟಿಗೆದ್ದ ಮಗ ಬಫರ್ ಮೇಲೆ ಹೋಗಿ ಗುಂಡಿಗೆ ಬಲಿಯಾಗುತ್ತಾನೆ. ಮಗಳು ಡೊಲೊರೆಸ್, ಕೊಲೆಗಾರನನ್ನು ಕೊಂದವರಿಗೆ ಬಹುಮಾನ ಎಂದು ಊರಲ್ಲಿ ಚೀಟಿ ಅಂಟಿಸುತ್ತಾಳೆ.

ಸುಪಾರಿ ಹಿಡಿದು ಬಂದವನು ಡ್ರೇಕ್ ರೋಬಿ. ಹಿಂದೊಮ್ಮೆ ಸ್ವಂತ ಸಹೋದರನನ್ನೇ ಕೊಂದು, ಆಮೇಲೆ ತಾನೂ ಸತ್ತು ಪಿಶಾಚಿಯಾದವನು. ಗುಂಡು ಬಿದ್ದರೂ ಸಾಯುವುದಿಲ್ಲ. ಅವನ ಗೆಲುವಿನ ಗುಟ್ಟು ಕೈಚಳಕವಲ್ಲ, ಇದೇ.

ಅಪ್ಪನನ್ನು ಕೊಂದವನು ಬಫರ್ ಅಲ್ಲ, ಇದೇ ರೋಬಿ! ಅದು ತಿಳಿಯದ ಡೊಲೊರೆಸ್ ಅವನನ್ನೇ ಕೂಲಿಗೆ ಇಟ್ಟುಕೊಳ್ಳುತ್ತಾಳೆ. ಕೊನೆಗೆ ಪಾದ್ರಿ ಡ್ಯಾನ್ ಪುಟ್ಟ ಶಿಲುಬೆಯನ್ನು ಗುಂಡಿಗೆ ಸೇರಿಸಿ ಹೊಡೆದಾಗಲೇ ಪಿಶಾಚಿ ನಾಶವಾಗುವುದು.

ಈ ಚಿತ್ರವನ್ನು ಇಂದು ನೆನೆಯುವವರು ಕಡಿಮೆ. ಆದರೆ ಬದು, ಬಾವಿ, ಕಾಲುವೆಗಾಗಿ ಮನೆಮನೆಗೆ ಹಗೆ ಬೆಳೆದಿರುವ ಯಾವ ಊರಿನವರಿಗೂ ಇದು ಅರ್ಥವಾಗುತ್ತದೆ. ಪಿಶಾಚಿಗೆ ಆ ಮನೆಯ ಬಾಗಿಲು ತೆರೆದದ್ದು ಸೇಡು.